ಕರವಸ್ತ್ರ ಹೊದ್ದ ಸಿಪಾಯಿ

ಸಿಪಾಯಿ ಗೊಂಬೆ ಕೊಳ್ಳುವುದಾದರೆ ಮೊದಲು ಅದರ ಕಾಲು ನೋಡಿ. ಮುಖ ನೋಡಿ ಮೋಸ ಹೋದವರೇ ಬಹಳ. ಮುಖ ಎಲ್ಲದಕ್ಕೂ ಒಂದೇ: ಗಟ್ಟಿ ದವಡೆ, ಎಲ್ಲೋ ದೂರ ನೋಡುವ ಕಣ್ಣು. ಎರಡು ಕಾಲಿಗೂ ಬೂಟಿದ್ದು, ಎರಡೂ ಒಂದೇ ಜೋಡಿಯವಾಗಿದ್ದರೆ ಆ ಗೊಂಬೆ ಜೋಪಾನ ಮಾಡುವವರ ಕೈಯಲ್ಲಿತ್ತು ಅಂತ ಅರ್ಥ. ಮಾರುವವನು ಸ್ವಲ್ಪ ಹೆಚ್ಚು ಹೇಳಿದರೂ ಕೊಡಿ. ಒಂದು ಬೂಟಿಲ್ಲವೆ? ಅರ್ಧಕ್ಕೆ ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ.

ಆಟದ ಸಾಮಾನಿನ ವ್ಯಾಪಾರದಲ್ಲೇ ತಲೆ ಬೆಳ್ಳಗಾದ ನನಗೆ ಇದನ್ನು ಕಲಿಸಿದವರು ಒಬ್ಬ ಬಸ್ ಕಂಡಕ್ಟರ್. ಅವರು ಈ ಸಲದ ಮಳೆ ಶುರುವಾಗುವ ಮೊದಲು ತೀರಿಕೊಂಡರು. ಅವರ ಟ್ರಂಕುಗಳು ಹುಮನಾಬಾದಿನ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿವೆ. ನಾನು ಯಾವ ಮಾಲನ್ನೂ ಇಷ್ಟು ದಿನ ಬಿಚ್ಚದೆ ಇಟ್ಟವನಲ್ಲ.

ನಾನು ಸಂತೆಯಲ್ಲಿ ಬಲೂನು, ಬಾಚಣಿಕೆ ಮಾರಿ ಮೇಲೆ ಬಂದವನು. ಬಸ್ ಸ್ಟ್ಯಾಂಡಿನೆದುರು ಅಂಗಡಿ ಹಿಡಿದ ಮೇಲೆ ಹೈದರಾಬಾದಿನಿಂದ ಗೋಣಿಚೀಲದಲ್ಲಿ, ತೂಕದ ಮೇಲೆ, ಬೆರಕೆ ಮಾಲು ತರಿಸತೊಡಗಿದೆ. ಚಕ್ರವಿಲ್ಲದ ಕಾರು, ರೆಕ್ಕೆ ಮುರಿದ ವಿಮಾನಗಳ ನಡುವೆ ಒಮ್ಮೊಮ್ಮೆ ಪರದೇಶದ ಸಿಪಾಯಿಗಳು ಬರುತ್ತಿದ್ದವು. ಗೇಣಿಗಿಂತ ಎತ್ತರ, ಮೊಣಕಾಲು ಮೊಣಕೈ ಮಡಿಸಬಹುದು, ಮೈಮೇಲೆ ನಿಜವಾದ ಬಟ್ಟೆ. ನಮ್ಮ ಕಡೆಯ ಹುಡುಗರಿಗೆ ಅವು ಬೇಕಿರಲಿಲ್ಲ. ದೀಪ ಹತ್ತುವುದಿಲ್ಲ, ಸಪ್ಪಳ ಮಾಡುವುದಿಲ್ಲ. ಮೂಲೆಯಲ್ಲಿ ಬಿದ್ದಿದ್ದವು.

ಒಂದು ದಿನ ಬಸವಕಲ್ಯಾಣದ ಬಸ್ಸು ನಿಂತಿರುವಷ್ಟರಲ್ಲಿ ಆ ಕಂಡಕ್ಟರ್ ಒಳಗೆ ಬಂದರು. ಹೆಗಲಿಗೆ ಚರ್ಮದ ಬ್ಯಾಗು, ಕೊರಳಲ್ಲಿ ಸೀಟಿ, ಕಿವಿ ಸಂದಿಯಲ್ಲಿ ಪೆನ್ಸಿಲ್ಲು. ಮೂಲೆಯ ಒಂದು ಸಿಪಾಯಿ ಎತ್ತಿ ತಿರುಗಿಸಿ ನೋಡಿದರು.

"ಇದರ ಬೂಟ್ ಎಲ್ಲ್ಯಾವ್ರಿ?"

"ಗೊಂಬಿಗ್ಯಾಕ್ರಿ ಬೂಟ್? ಅದೇನ್ ಬೀದರಿಗಿ ನಡ್ಕೋತ ಹೋಗ್ತದೇನು?"

"ಬರಿಗಾಲಿಲೆ ಡ್ಯೂಟಿ ಹ್ಯಾಂಗ ಮಾಡ್ತಾನ್ರಿ ಅಂವ" ಅಂದರು. ನಗಲಿಲ್ಲ.

ಮರುದಿನ ಬಂದು ಚೀಲದ ತಳವನ್ನೇ ಬಗೆದರು. ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದರು; ಅದರಿಂದ ಕಸದೊಳಗಿನ ಒಂದು ಕರಿ ಬೂಟನ್ನು ಅಕ್ಕಿಯೊಳಗಿನ ಹರಳು ತೆಗೆದ ಹಾಗೆ ತೆಗೆದರು. ಗಿರಾಕಿಗೆ ಬೇಕಾಗಿದೆ ಎಂದು ಗೊತ್ತಾದ ಮೇಲೆ ಬೆಲೆ ಏರಿಸುವುದು ಧರ್ಮ. ನಾನು ಏರಿಸಿದೆ. ಅವರು ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು, ಹೊರಗೆ ಹೋಗಿ ಸೀಟಿ ಊದಿದರು. ಬಸ್ಸು ಹೋಯಿತು. ಆಮೇಲೂ ಅಷ್ಟೆ: ಬೆಲೆ ಕೇಳುವುದು, ಕೆಳಗಿಡುವುದು, ಹೋಗುವುದು. ಕಡೆಗೆ ನಾನೇ ಇಳಿಯುತ್ತಿದ್ದೆ. ವ್ಯಾಪಾರಕ್ಕೆ ಹೊಸದಾಗಿ ಬರುವ ಹುಡುಗರಿಗೆ ಇದನ್ನೇ ಹೇಳುತ್ತೇನೆ. ಬಾಯಿ ಮಾಡುವ ಗಿರಾಕಿಗೆ ಹೆದರಬೇಡಿ, ಸುಮ್ಮನೆ ಹೊರಟುಬಿಡುವವನಿಗೆ ಹೆದರಿ.

ಬಸವಕಲ್ಯಾಣದಲ್ಲಿ ಕೋಟೆಯ ಹಿಂದಿನ ಓಣಿಯೊಂದರಲ್ಲಿ ಅವರ ಬಾಡಿಗೆ ಮನೆ. ಹೆಂಡತಿ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಓಣಿಯ ಕಡೆಗೊಂದೇ ಕಿಟಕಿ. ಅದರ ಕೆಳಗೆ ಉದ್ದನೆಯ ಹಲಗೆ, ಹಲಗೆಯ ಮೇಲೆ ಸಾಲಾಗಿ ಸಿಪಾಯಿಗಳು. ಮೊದಲ ಸಲ ಹೋದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲದರ ಬೆನ್ನಿಗೂ ಗಂಟು, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ನೀರಿನ ಡಬ್ಬಿ, ಕೈಯಲ್ಲಿ ಬಂದೂಕು. ಎಲ್ಲವೂ ಕಿಟಕಿಯ ಕಡೆಗೆ ಮುಖ ಮಾಡಿ ಓಣಿಯನ್ನೇ ನೋಡುತ್ತಿದ್ದವು. ಸಡಿಲಾದ ಕೀಲುಗಳಿಗೆ ಕರಿದಾರ ಸುತ್ತಿದ್ದರು. ಹರಿದ ಅಂಗಿಗಳನ್ನು ತಾವೇ ಹೊಲಿಯುತ್ತಿದ್ದರು, ಹೊಲಿಗೆ ಮುಗಿಯುವ ತನಕ ಎದೆಗೆ, ತೋಳಿಗೆ ಗುಂಡುಪಿನ್ನು. ಬಟ್ಟೆಗೆ ಹುಳ ಬೀಳದಿರಲೆಂದು ನಡುನಡುವೆ ಕರ್ಪೂರ.

ಹಲಗೆಯ ಒಂದು ತುದಿಯಲ್ಲಿ ಕೆಲವು ಮಲಗಿದ್ದವು. ಒಂದೊಂದಕ್ಕೂ ತಲೆಯಿಂದ ಕಾಲಿನವರೆಗೆ ಬಿಳಿ ಕರವಸ್ತ್ರ.

"ಇವು ಯಾಕ್ರಿ ಮಲಗ್ಯಾವ?"

"ಅವನ ಟೊಪ್ಪಿಗಿ ಕಳದದ. ಆಚೀಕಿನಾಂವಂದು ಬೆಲ್ಟ್ ಇಲ್ಲ." ಕಂಡಕ್ಟರ್ ಸಾಹೇಬರು ಕರವಸ್ತ್ರದ ಅಂಚು ಸರಿಮಾಡಿದರು. "ನಮ್ಮ ಡಿಪೋದಾಗ ಟಿಕೆಟ್ ಮಷೀನ್ ಇಲ್ಲದಾಂವ, ಬ್ಯಾಗ್ ಇಲ್ಲದಾಂವ ಲೈನ್ ಮ್ಯಾಲ ಹೋಗಂಗಿಲ್ಲ ಸೇಠ್. ಸಾಮಾನ ಸಿಗೋತನ ಕೂಡಬೇಕು. ಹಂಗ ಇವ್ರೂ ಮಲಗ್ಲಿ."

"ಮಲಗ್ಲಿ ಬಿಡ್ರಿ. ಮಾರಿ ಮ್ಯಾಲ ಯಾಕ ಅರಿವಿ ಹಾಕೀರಿ?"

"ಧೂಳ ಬೀಳ್ತದ."

ಹೊರಗೆ ಬಂದು ಓಣಿಯಲ್ಲಿ ನಿಂತು ನಾನು ಅದೇ ಕಿಟಕಿಯನ್ನು ನೋಡಿದೆ. ಗಿರಾಕಿಯ ಕಡೆಯಿಂದ ಅಂಗಡಿ ಹೇಗೆ ಕಾಣುತ್ತದೆ ಅಂತ ದಿನಾ ನೋಡುವ ಅಭ್ಯಾಸ ನನಗೆ. ಹೊರಗಿನಿಂದ ಕಾಣುತ್ತಿದ್ದದ್ದು ಕರಿದಾರ, ಸೂಜಿ ಚುಚ್ಚಿದ ಗೊಂಬೆ, ಕರ್ಪೂರ, ಬಿಳಿ ಬಟ್ಟೆ ಹೊದ್ದ ಹೆಣಗಳು. ಒಳಗೆ ಹೋಗಿ, "ಕಿಟಕಿಗಿ ಒಂದು ಪಡದಾ ಹಾಕ್ರಿ, ನಾನೇ ತಂದ್ಕೊಡ್ತೀನಿ" ಅಂದೆ.

"ಮತ್ತ ಸೂಜಿ ಪೋಣಸಾಕ ಬೆಳಕು ನಿಮ್ಮ ಅಂಗಡಿಂದ ತರ್ಲೇನು?" ಅಂದರು.

ಅವರ ಬ್ಯಾಗಿನಲ್ಲಿ ಎಲ್ಲಕ್ಕಿಂತ ಚಿಕ್ಕ ಖಾನೆ ಸಿಪಾಯಿಗಳದ್ದು. ರಿಪೇರಿಗೆಂದು ತಂದ ಸಾಮಾನು ಅದರಲ್ಲಿರುತ್ತಿತ್ತು. ಮುಡಬಿಯ ಬಸ್ಸಿನಲ್ಲಿ ಒಂದು ದಿನ ಗದ್ದಲವೋ ಗದ್ದಲ. ಒಬ್ಬ ಮುದುಕಿಗೆ ಚಿಲ್ಲರೆ ಕೊಡುವಾಗ ಬೆಳ್ಳಗಿನ ಒಂದು ನೀರಿನ ಡಬ್ಬಿಯೂ, ಗೋಡಂಬಿಯಷ್ಟು ದೊಡ್ಡದು, ಅವಳ ಕೈಗೆ ಹೋಗಿಬಿಟ್ಟಿತು. ಮುಂದೆ ಅವಳು ಮತ್ತೆ ಬಸ್ಸು ಹತ್ತಿದ ದಿನ, ಮುಡಬಿಯ ಅಂಗಡಿಗಳಿಗೆ ಮಾಲು ಕೊಡಲು ಹೊರಟಿದ್ದ ನಾನೂ ಆ ಬಸ್ಸಿನಲ್ಲಿದ್ದೆ.

"ಅವ್ವಾ, ಮೊನ್ನಿ ಚಿಲ್ಲರದಾಗ ಒಂದು ಸಣ್ಣ ಡಬ್ಬಿ ಬಂದಿತ್ತೇನು?"

"ಬಂದಿತ್ತಪ್ಪ. ಮಮ್ಮಗನ ಕೊಳ್ಳಾಗ ಕಟ್ಟೀನಿ. ಕಟ್ಟಿದ ದಿನಾನೇ ಜ್ವರ ಇಳೀತು ನೋಡು."

"ಅದು ನನ್ನ ಸಿಪಾಯಿದು. ನೀರ್ ಕುಡಿಯೋ ಡಬ್ಬಿ."

"ಯಾವಂದರ ಇರ್ಲಿ. ಈಗ ನಮ್ಮ ಕೂಸಿಂದು." ಮುದುಕಿ ಬಾಗಿ ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಹಿಂದಿನ ಸೀಟಿನಿಂದ ಯಾರೋ, "ಕಂಡಕ್ಟರ್ ಸಾಹೇಬ್ರು ಟಿಕೆಟ್ ಜೋಡಿ ತಾಯತಾ ಕೊಡಾಕತ್ತಾರ್ರಪ್ಪೋ, ನನಗೊಂದು ಹರೀರಿ" ಅಂದ. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಇಳಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ: "ಈ ಮಾತು ಇಲ್ಲೇ ಕಡೀರಿ. ಕೈಗುಣ ಅದ ಅಂತಾರ ಈಗ. ನಾಳಿ ಇನ್ನೇನೋ ಅಂತಾರ."

"ಮಂದಿ ಮಾತಿಗಿ ನಾ ಟಿಕೆಟ್ ಹರಿಯಂಗಿಲ್ಲ ಸೇಠ್" ಅಂದರು. ಆ ಡಬ್ಬಿ ಕಳೆದುಕೊಂಡ ಸಿಪಾಯಿಯನ್ನು ಅಂದೇ ಮಲಗಿಸಿದರು.

ಅವರು ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಆ ಮಾತಿಗೆ ಕಾಲು ಬಂತು. ಜ್ವರದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬಾಗಿಲಿಗೆ ಬರತೊಡಗಿದರು. ಇವರು ಹೊಸಲು ದಾಟಿಸುತ್ತಿರಲಿಲ್ಲ. "ದವಾಖಾನಿ ಆ ಕಡಿ ಅದ, ಹೋಗ್ರಿ" ಅಂದು ಬಾಗಿಲು ಹಾಕುತ್ತಿದ್ದರು. ತುಂಬಿದ ಬಸ್ಸಿನಲ್ಲಿ 'ಒಳಗ ಸರೀರಿ' ಅನ್ನುವ ದನಿ, ಅದರಲ್ಲಿ ಬೇರೆ ಬಣ್ಣ ಇರಲಿಲ್ಲ. ಎದುರು ಮನೆಯ ಹಿಟ್ಟಿನ ಗಿರಣಿಯವನು ತನ್ನ ಮಗಳನ್ನು ಕರೆತಂದಾಗಲೂ ಹಾಗೇ ಕಳಿಸಿದರು. ಹುಡುಗಿ ಊಟ ಬಿಟ್ಟಿದ್ದಳು, ನಿದ್ದೆಯಲ್ಲಿ ಬೆಚ್ಚುತ್ತಿದ್ದಳು. ಆಮೇಲೆ ಕಾಯಿಲೆ ಹೆಚ್ಚಾಗಿ ಅವಳನ್ನು ಬೀದರಿನ ದವಾಖಾನೆಗೆ ಒಯ್ಯಬೇಕಾಯಿತು. ಅವಳನ್ನು ಅಲ್ಲಿ ಬಿಟ್ಟು ಗಿರಣಿಯವನು ಊರಿಗೆ ಬಂದ ದಿನ ಆ ಕಿಟಕಿಯಲ್ಲಿ ಇಣುಕಿದ. ಡಬ್ಬಿಯಿಲ್ಲದ ಸಿಪಾಯಿ ಬಿಳಿ ಬಟ್ಟೆ ಹೊದ್ದು ಮಲಗಿತ್ತು.

"ಮುಡಬಿ ಕೂಸಿಗಿ ಕೊಟ್ಟಾನ, ನಮ್ಮ ಹುಡುಗಿಗಿ ಇಲ್ಲ ಅಂದಾನ" ಎಂದು ಶುರುವಾದದ್ದು, "ನಮ್ಮ ಹುಡುಗಿನ್ನೇ ಮಲಗಿಸ್ಯಾನ" ಎಂಬಲ್ಲಿಗೆ ಬಂತು. ನನ್ನ ಕಿವಿಗೆ ಬಿದ್ದದ್ದು ಹುಮನಾಬಾದಿನಲ್ಲಿ. ಬಸವಕಲ್ಯಾಣದ ಗಿರಾಕಿಯೊಬ್ಬ ಪ್ಲಾಸ್ಟಿಕ್ ಬಕೀಟು ಆರಿಸುತ್ತ, ದನಿ ತಗ್ಗಿಸಿ, "ನಿಮ್ಮ ಕಂಡಕ್ಟರ್ ಭಾನಾಮತಿ ಮಾಡ್ತಾನಂತಲ್ರಿ" ಅಂದ. ನಮ್ಮ ಸೀಮೆಯಲ್ಲಿ ಈ ಪದವನ್ನು ಯಾರೂ ಜೋರಾಗಿ ಅನ್ನುವುದಿಲ್ಲ. ಗೊಂಬೆ ಮಾಡಿ, ಸೂಜಿ ಚುಚ್ಚಿ, ಬೇಡದವರ ಮೈಗೆ ಕೇಡು ಕಳಿಸುವ ವಿದ್ಯೆ ಅದು. ಈ ಹೆಸರು ಹತ್ತಿದವರು ಮಂತ್ರ ಅನ್ನದಿರಲೆಂದು ಅವರ ಹಲ್ಲು ಮುರಿದ ಕತೆಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ.

ಅವತ್ತೇ ಹೋದೆ. ಅವರ ಹೊಸಲಿನ ಮೇಲೆ ಯಾರೋ ಕುಯ್ದ ನಿಂಬೆಹಣ್ಣು ಇಟ್ಟಿದ್ದರು. ಹಾಲಿನವನು ಪಾಕೀಟನ್ನು ಬಾಗಿಲಿನಿಂದ ದೂರ, ಕಲ್ಲಿನ ಮೇಲೆ ಇಟ್ಟು ಹೋಗಿದ್ದ. ಅವರು ನಿಂಬೆಹಣ್ಣನ್ನು ಒಳಗೊಯ್ದು ಶರಬತ್ತು ಮಾಡಿ ನನಗೂ ಕೊಟ್ಟರು. ನಾನು ಕುಡಿಯಲಿಲ್ಲ, ಅದು ಬೇರೆ ಮಾತು.

"ಹುಮನಾಬಾದಿಗಿ ಬಂದ್ಬಿಡ್ರಿ. ಖೋಲಿ ನಾ ನೋಡ್ತೀನಿ."

"ಯಾಕ? ನಾ ಏನ್ ಮಾಡೀನಿ?"

"ಏನೂ ಮಾಡಿಲ್ಲ. ಅದಕ್ಕೇ ಜಲ್ದಿ ಬರ್ರಿ ಅನ್ನಾಕತ್ತೀನಿ. ಇಲ್ಲಂದ್ರ ಮಲಗಿದವರನ್ನೆಲ್ಲ ಎಬ್ಬಿಸಿ ನಿಲ್ಲಿಸ್ರಿ. ಇಗೋ, ಡಬ್ಬಿ ತಂದೀನಿ."

ಹೊಸ ಚೀಲಗಳನ್ನೆಲ್ಲ ಸುರಿದು ಹುಡುಕಿ ತಂದ ಡಬ್ಬಿ ಅದು. ಉಗುರಿನ ತುದಿಯಲ್ಲಿ ಹಿಡಿದು ಬೆಳಕಿಗೆ ನೋಡಿ ವಾಪಸು ಕೊಟ್ಟರು. "ಇದು ಬ್ಯಾರೆ ಸೈನ್ಯದ್ದು. ಇದನ್ನ ಕಟ್ಕೊಂಡು ನಿಂತ್ರ ಅಂವ ಸೋಗು ಹಾಕಿದಂಗ ಆಗ್ತದ."

ಮುಂದಿನ ವಾರ ಮಧ್ಯಾಹ್ನ ಫೋನು ಬಂತು. "ಸೇಠ್, ಬರ್ರಿ. ಮಂದಿ ಕೂಡ್ಯಾರ."

ಓಣಿ ತುಂಬ ಜನ. ಯಾರೂ ಕೂಗುತ್ತಿರಲಿಲ್ಲ, ನನಗೆ ಅಂಜಿಕೆಯಾದದ್ದು ಅದಕ್ಕೇ. ಗಿರಣಿಯವನ ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಮನೆ ಖಾಲಿ ಮಾಡಬೇಕು, ಗೊಂಬೆಗಳನ್ನೆಲ್ಲ ಸುಡಬೇಕು ಅಂತ ಅವರ ಮಾತು. ಕಂಡಕ್ಟರ್ ಸಾಹೇಬರು ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಚಹಾ ತರಿಸಿದೆ. ಬಿಸಿ ಕಪ್ಪು ಹಿಡಿದವನು ಕೈ ಎತ್ತುವುದಿಲ್ಲ. ನೆನಪಿಟ್ಟುಕೊಳ್ಳಿ, ಎಲ್ಲಾದರೂ ಉಪಯೋಗಕ್ಕೆ ಬಂದೀತು. ಆಮೇಲೆ ನನಗೆ ಬರುವ ಒಂದೇ ವಿದ್ಯೆ ಶುರುಮಾಡಿದೆ. ಮನೆ ಬಿಡುವ ಮಾತು ಮೊದಲು ಬಿಡಿಸಿದೆ. ನಿಂತ ಗೊಂಬೆಗಳು ಯಾರಿಗೇನು ಮಾಡಿವೆ ಅಂತ ಕೇಳಿ ಅವನ್ನೂ ಬಿಡಿಸಿದೆ. ಮಲಗಿದವುಗಳಲ್ಲೂ ಇಳಿಸುತ್ತ ಇಳಿಸುತ್ತ ಒಂದಕ್ಕೆ ತಂದು ನಿಲ್ಲಿಸಿದೆ. ಮುಡಬಿಯ ಡಬ್ಬಿಯ ಆ ಸಿಪಾಯಿಯೊಂದನ್ನು ಕೊಟ್ಟರೆ ಮುಗಿಯಿತು ಅಂತ ಗಿರಣಿಯವನು ಒಪ್ಪಿದ.

ಕಂಡಕ್ಟರ್ ಸಾಹೇಬರು ನನ್ನ ಕಡೆ ನೋಡಿದರು. "ಇದು ಚೌಕಾಶಿ ಮಾಡೋ ಮಾಲಲ್ಲ ಸೇಠ್" ಅಂದರು, ನನಗೊಬ್ಬನಿಗೆ ಕೇಳುವಂತೆ.

ಒಳಗೆ ಹೋದರು. ಕಿಟಕಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಕರವಸ್ತ್ರ ಸರಿಸಿ, ಬೂಟು ಬಿಚ್ಚಿದರು, ಟೊಪ್ಪಿಗೆ ತೆಗೆದರು, ಪಟ್ಟಿ, ಬಂದೂಕು, ಅಂಗಿ. ಒಂದೊಂದನ್ನೂ ಒಂದು ತಗಡಿನ ಪೆಟ್ಟಿಗೆಗೆ ಹಾಕಿದರು. ಡಿಪೋದಲ್ಲಿ ಕೆಲಸ ಬಿಡುವವನ ಸಾಮಾನು ಜಮಾ ಮಾಡಿಕೊಂಡೇ ಕಳಿಸುವುದು. ಅವರಿಗೆ ಗೊತ್ತಿದ್ದದ್ದು ಆ ರೀತಿ. ಹೊರಗಿನವರಿಗೆ ಕಂಡದ್ದು ಹೆಣದ ಬಟ್ಟೆ ಬಿಚ್ಚುವ ರೀತಿ. ಮುಂದೆ ನಿಂತಿದ್ದ ಹೆಂಗಸರು ಹಿಂದೆ ಸರಿದರು. ಬತ್ತಲೆ ಗೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಕೊಟ್ಟರು. ಓಣಿಯ ತುದಿಯಲ್ಲಿ ಸುಟ್ಟರು. ಕರಿ ಹೊಗೆ, ಕೂದಲು ಸುಟ್ಟ ವಾಸನೆ. ಮೊಣಕಾಲಿನ ಕೀಲು ಕಾದು ಗೊಂಬೆ ಕಾಲು ಮಡಿಸಿಕೊಂಡಿತು. ಯಾರೋ "ಎದ್ದಾ" ಅಂದರು. ಯಾರೂ ನಗಲಿಲ್ಲ.

ದವಾಖಾನೆಯಲ್ಲಿ ಔಷಧಿ ಹತ್ತಿ ಹುಡುಗಿ ಗುಣವಾಗಿ ಮನೆಗೆ ಬಂದಳು. ಒಂದು ಗೊಂಬೆ ಕೊಟ್ಟು ಒಂದು ಮನೆ ಉಳಿಸಿದೆ ಅಂತ ನನ್ನ ಲೆಕ್ಕ. ಓಣಿಯ ಲೆಕ್ಕ ಬೇರೆ: ಕೊಟ್ಟನೆಂದರೆ ಅದರಲ್ಲಿ ಏನೋ ಇತ್ತು, ಸುಟ್ಟ ಮೇಲೆ ಗುಣವಾಯಿತೆಂದರೆ ಖರೇನೇ ಇತ್ತು.

ಮತ್ತೆ ಬಂದರು. ಈ ಸಲ ಎಣ್ಣೆ ಡಬ್ಬವಿಲ್ಲ, ಟೊಪ್ಪಿಗೆ ತೆಗೆದು, ತಗ್ಗಿದ ದನಿಯಲ್ಲಿ: "ಸಾಹೇಬ್ರ, ನಮ್ಮ ಎಮ್ಮಿ ಹಾಲು ಬಿಟ್ಟದ. ಸುಡಾಕ ಒಂದು ಕೊಡ್ರಿ." ಇನ್ನೊಬ್ಬರ ಮನೆಯಲ್ಲಿ ಸೊಸೆ ತವರಿನಿಂದ ಬರುತ್ತಿರಲಿಲ್ಲ. ಮತ್ತೊಬ್ಬನಿಗೆ ಬೆನ್ನು ನೋವು. ಅವರು ಪ್ರತಿಸಲವೂ ಸಾಮಾನು ಜಮಾ ಮಾಡಿಕೊಂಡು ಕೊಟ್ಟರು. ಹಲಗೆ ಬರಿದಾಗುತ್ತ ಹೋಯಿತು, ಒಡೆಯರಿಲ್ಲದ ಬೂಟುಗಳಿಂದ ಆ ಪೆಟ್ಟಿಗೆ ತುಂಬುತ್ತ ಹೋಯಿತು.

"ಯಾಕ ಕೊಡಾಕತ್ತೀರಿ?" ಅಂತ ನಾನು ಸಿಟ್ಟಿನಿಂದಲೇ ಕೇಳಿದೆ.

"ಕೊಡದಿದ್ರ ಮನಿಗಿ ಹಚ್ತಾರ, ಎಲ್ಲಾರೂ ಹೋಗ್ತಾರ. ಕೊಟ್ರ ಒಬ್ಬಾಂವ ಹೋಗ್ತಾನ."

ಕಡೆಯ ಸಲ ನಾನು ಹೋದಾಗ ಅವರು ಖಾಕಿ ಬಟ್ಟೆ ಹೊಲಿಯುತ್ತಿದ್ದರು. ಒಂದು ಸಿಪಾಯಿಗೆ ಕಂಡಕ್ಟರನ ಪೋಷಾಕು. ಹೆಗಲಿಗೆ ಚರ್ಮದ ಚೂರಿನ ಬ್ಯಾಗು, ಕೈಯಲ್ಲಿ ಬೆಂಕಿಪೆಟ್ಟಿಗೆಯ ರಟ್ಟಿನ ಟಿಕೆಟ್ ಮಷೀನು, ಕಿವಿ ಸಂದಿಯಲ್ಲಿ ಕಡ್ಡಿಯ ಪೆನ್ಸಿಲ್ಲು. ದಾರ ಕಡಿದು, ಅದನ್ನು ಮಲಗಿಸಿ, ಕರವಸ್ತ್ರ ಹೊದಿಸಿದರು.

"ಎಲ್ಲಾ ಬರೋಬ್ಬರಿ ಅದಲ್ರಿ, ಯಾಕ ಮಲಗ್ಸಿದ್ರಿ?"

"ಸೀಟಿ ಎಲ್ಲದ?"

"ಮಾಡಿ ಹಾಕ್ರಿ ಮತ್ತ."

"ಜಮಾ ಮಾಡೀನಲ್ಲ, ರಿಟೈರಾದ ದಿನ." ಹಲಗೆಯ ಮೇಲಿನ ನೂಲಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡರು. "ಸೇಠ್, ನಾ ಇಲ್ಲದಾಗ ಉಳಿದವ್ರನ್ನ ಏನರ ಮಾಡ್ರಿ. ಇಂವನ್ನ ಮಾತ್ರ ಯಾರ ಕೈಗೂ ಕೊಡಬ್ಯಾಡ್ರಿ."

ಎದೆ ನಿಂತು, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಹೋದರು. ಮೊದಲು ನೋಡಿದವನು ಹಾಲಿನವನು. ಜನ ಕಿಟಕಿಗೆ ಮುತ್ತಿದಾಗ ಒಳಗೆ ಖಾಕಿ ತೊಟ್ಟ ಗೊಂಬೆ ಮಲಗಿತ್ತು, ಗಾಳಿಗೆ ಮುಖದ ಬಟ್ಟೆ ಸರಿದಿತ್ತು. "ತನ್ನ ಮ್ಯಾಲ ತಾನ ಮಾಡ್ಕೊಂಡ" ಅಂದಿತು ಓಣಿ. ಜಹೀರಾಬಾದಿನಿಂದ ಬಂದ ಅವರ ಅಕ್ಕನ ಮಗಳು ಮಣ್ಣು ಮುಗಿಸಿ, ಆ ಕೋಣೆಗೆ ಕಾಲಿಡದೆ, ನನಗೆ ಬೀಗದ ಕೈ ಕೊಟ್ಟಳು. ಟ್ರಂಕು ಎತ್ತಲು ಯಾರೂ ಕೈ ಹಚ್ಚಲಿಲ್ಲ. ಗೂಡ್ಸ್ ಆಟೋದವನು ಬರಲು ಒಪ್ಪಿದ, ಆದರೆ ಹುಮನಾಬಾದ್ ಮುಟ್ಟುವ ತನಕ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಇವತ್ತು ಗಿರಣಿಯವನು ನನ್ನ ಅಂಗಡಿಗೆ ಬಂದಿದ್ದ. ಊಟದ ಹೊತ್ತು, ಬೇರೆ ಗಿರಾಕಿ ಇರಲಿಲ್ಲ.

"ಹುಡುಗಿ ಮತ್ತ ಬೆಚ್ಚಾಕತ್ತಾಳ್ರಿ. ಖಾಕಿ ಗೊಂಬಿ ನಿಮ್ಮ ಹಂತ್ಯಾಕ ಅದಂತಲ್ಲ. ಕೊಡ್ರಿ."

"ಬೀದರಿಗಿ ಒಯ್ರಿ. ಹಿಂದಕ ಆರಾಮ ಮಾಡಿದ ಡಾಕ್ಟರನ್ನೇ ನೋಡ್ರಿ. ನಾ ಗಾಡಿ ಮಾಡಿ ಕೊಡ್ತೀನಿ."

"ಒಯ್ತೀನ್ರಿ. ಅದನ್ನೂ ಕೊಡ್ರಿ. ಎಷ್ಟರ ಹೇಳ್ರಿ."

ಬೆಲೆ ಕೇಳಿ ಚೌಕಾಶಿ ಮಾಡದ ಗಿರಾಕಿಯ ಮುಂದೆ ನನ್ನ ವಿದ್ಯೆ ನಡೆಯುವುದಿಲ್ಲ. ಅದು ಮಾರೋ ಮಾಲಲ್ಲ ಅಂದೆ. ಅವನು ಸಿಟ್ಟು ಮಾಡಲಿಲ್ಲ. ನನ್ನ ಹೆಗಲ ಮೇಲಿನಿಂದ ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತ ಕೇಳಿದ:

"ಒಳಗ ಅವು ನಿಂತಾವೇನ್ರಿ, ಮಲಗ್ಯಾವ್ರಿ?"

ಅವನು ಇಳಿದು ಹೋದ ಮೇಲೆ ಟ್ರಂಕು ಬಿಚ್ಚಿದೆ. ಸಾಮಾನು ಪೂರಾ ಇದ್ದ ನಾಲ್ಕಾರು ಸಿಪಾಯಿಗಳನ್ನು ಶೆಲ್ಫಿನ ಮೇಲೆ ನಿಲ್ಲಿಸಿದೆ. ಕಡೆಗೆ ಖಾಕಿಯದನ್ನು ಎತ್ತಿಕೊಂಡೆ. ನನ್ನ ಅಂಗಡಿಯಲ್ಲಿ ಕೀ-ಚೈನಿಗೆ ಹಾಕುವ ಪುಟ್ಟ ಸೀಟಿಗಳ ಸರವೇ ತೂಗುತ್ತದೆ. ಒಂದನ್ನು ಬಿಚ್ಚಿ ಕೊರಳಿಗೆ ಹಾಕಿ ನಿಲ್ಲಿಸಿದರೆ ನಾಳೆ ಯಾರು ಇಣುಕಿದರೂ ಅಂಗಡಿಯ ಗೊಂಬೆ ಅಂಗಡಿಯಲ್ಲಿ ನಿಂತಿದೆ, ಅಷ್ಟೆ. ಬೇರೆ ಯಾರಾದರೂ ಕೇಳಿದ್ದರೆ ನಾನು ಕೊಡುತ್ತಿದ್ದ ಸಲಹೆ ಅದೇ. ಸರಕ್ಕೆ ಕೈ ಹಾಕಿದೆ ಕೂಡ, ಬಿಚ್ಚಲಿಲ್ಲ.

ಗೊಂಬೆಯನ್ನು ಶೆಲ್ಫಿನ ಮೇಲೆ ಮಲಗಿಸಿ, ಜೇಬಿನ ಕರವಸ್ತ್ರ ಬಿಡಿಸಿ, ತಲೆಯಿಂದ ಕಾಲಿನವರೆಗೆ ಹೊದಿಸಿದೆ. ನಮ್ಮದು ಹೆದ್ದಾರಿಯ ಊರು, ಧೂಳು ಬಹಳ.

ಊಟಕ್ಕೆ ಹೋಗಲು ಶಟರಿಗೆ ಕೈ ಹಚ್ಚಿದಾಗ ಎದುರು ಬಸ್ ಸ್ಟ್ಯಾಂಡಿನ ನೆರಳಲ್ಲಿ ಗಿರಣಿಯವನು ಇನ್ನೂ ನಿಂತಿದ್ದ. ಬಸವಕಲ್ಯಾಣದ ಬಸ್ಸು ಬಂದು, ಜನ ಹತ್ತಿಸಿಕೊಂಡು ಹೋಯಿತು. ಅವನು ಹತ್ತಲಿಲ್ಲ. ಅದರಿಂದ ಇಳಿದ ಇನ್ನಿಬ್ಬರು ಅವನ ಪಕ್ಕ ಬಂದು ನಿಂತರು, ಅವನು ಕೈಯೆತ್ತಿ ನನ್ನ ಅಂಗಡಿಯನ್ನು ತೋರಿಸಿದ.